ಕೌದಿಯ ನಾಲ್ಕನೆಯ ಮೂಲೆ

ನಮ್ಮೂರಲ್ಲಿ ಸಾಕಿದ ಪ್ರಾಣಿ ಸತ್ತರೆ ದೇಹ ಮಣ್ಣಿಗೆ ಹೋಗುತ್ತದೆ, ಭಾರ ಮನೆಯಲ್ಲೇ ಉಳಿಯುತ್ತದೆ. ಇದನ್ನು ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ, ನನ್ನದೇನು ಹೋಯಿತು? ಪಕ್ಕದ ಮನೆ ದ್ಯಾಮಕ್ಕನ ಆಡು ಸತ್ತ ಮೇಲೆ ಅವಳ ಹೊರಸಿನ ಹಗ್ಗ ಎರಡು ವಾರ ಜೋತುಬಿದ್ದೇ ಇತ್ತು, ಅವಳು ಪಾಪ ನೆಲದ ಮೇಲೆ ಮಲಗಿದಳು. ಶಾಲೆಯ ಮಾಸ್ತರರ ಗಿಳಿ ಸತ್ತಾಗ ಅವರು ಎಡಗೈ ಬೆರಳು ಮುಂದಕ್ಕೆ ಚಾಚಿಕೊಂಡೇ ಹದಿನೈದು ದಿನ ಪಾಠ ಮಾಡಿದರು, ಒಬ್ಬ ಹುಡುಗನೂ ಕಿಸಕ್ಕನೆ ನಗಲಿಲ್ಲ. ದವಾಖಾನೆಯಲ್ಲಿ ತೂಕ ನೋಡುವ ನರ್ಸಮ್ಮ ಮೊದಲೇ ಕೇಳಿಬಿಡುತ್ತಾಳೆ: "ಮನ್ಯಾಗ ಏನರ ಸತ್ತೈತೇನ್ರಿ? ಮೈಮ್ಯಾಲೆ ಕುಂತಿದ್ರ ಹೇಳ್ರಿ, ಅದನ್ನ ಕಳೀತೀನಿ." ಹೀಗೆ ನಾವು ಹೊಂದಿಕೊಂಡು ಬಂದವರು.

ಆದರೆ ಇದಕ್ಕೊಂದು ಕಟ್ಟಳೆಯೂ ಇತ್ತು. ಇಪ್ಪತ್ತೊಂದನೆಯ ದಿನದೊಳಗೆ ಭಾರವನ್ನು ಅದು ಕೂತ ಬಟ್ಟೆಯ ಸಮೇತ ಗಂಟು ಕಟ್ಟಿ, ಊರ ಹೆಬ್ಬಾಗಿಲಾದ ಅಗಸಿಯ ಆಚೆ, ಗುಡ್ಡದ ತಿರುವಿನ ಹಿಂದಿರುವ ಇಳಿಸುಗಲ್ಲಿಗೆ ಒಯ್ದು ಇಟ್ಟು ಬರಬೇಕು. ಗಂಟು ಕಟ್ಟುವಾಗ ಮುಖ ಅತ್ತ ಹೊರಳಿಸಿರಬೇಕು. ತಿರುವು ದಾಟಿದ ಮೇಲೆ ಹಿಮ್ಮುಖವಾಗಿ ನಡೆದು, ಬೆನ್ನ ಹಿಂದೆ ಹೊರೆ ಇಳಿಸಿ, ತಿರುಗಿ ನೋಡದೆ ಬಂದುಬಿಡಬೇಕು. ಭಾರ ತನ್ನ ಹಾದಿ ಹಿಡಿದು ಹೋಗುತ್ತದೆ, ಬಟ್ಟೆಯನ್ನು ಗಾಳಿ ಒಯ್ಯುತ್ತದೆ ಎಂದು ನಂಬಿಕೆ. ಆ ಕಲ್ಲು ಹೇಗಿದೆ ಎಂದು ಊರಲ್ಲಿ ಯಾರನ್ನು ಕೇಳಿದರೂ ಗೊತ್ತಿರಲಿಲ್ಲ. ಅದರ ಅಂಚು ಕೈಗೆ ತಣ್ಣಗೆ ಹತ್ತುತ್ತದೆ ಎನ್ನುವುದಷ್ಟೇ ಗೊತ್ತು. ಇಳಿಸುವ ತನಕ ಆ ಮನೆಗೆ ಬೇರೆ ಪ್ರಾಣಿ ಬರುವಂತಿಲ್ಲ. ಹಳೆಯ ಭಾರ, ಹೊಸ ಉಸಿರು ಒಂದೇ ಸೂರಿನ ಕೆಳಗೆ ಕೂಡಬಾರದು. ಯಾಕೆ ಎಂದು ಕೇಳಿದರೆ ಉತ್ತರ ಒಂದೇ, ಮೊದಲಿನಿಂದ ನಡೆದು ಬಂದದ್ದು.

ಇದನ್ನೆಲ್ಲ ಕಾಯುತ್ತಿದ್ದವನು ಮಲಕಾಜಪ್ಪ. ಎಪ್ಪತ್ತರ ಮೇಲಿನ ಮನುಷ್ಯ, ಕೈಯಲ್ಲಿ ಬಿದಿರಿನ ಕೋಲು, ಮುಖದಲ್ಲಿ ಸದಾ ಬೇವಿನೆಲೆ ಅಗಿದ ಕಳೆ. ಅವನ ವಯಸ್ಸಿನವರೆಲ್ಲ ರುಮಾಲು ಸುತ್ತಿಕೊಂಡು ತಿರುಗಿದರೆ ಇವನದು ಬರಿದಲೆ. ಬಿಸಿಲಲ್ಲೂ ಬರಿದಲೆ, ಮದುವೆಯಲ್ಲೂ ಬರಿದಲೆ. ಯಾರೂ ಕಾರಣ ಕೇಳಿರಲಿಲ್ಲ, ಅವನ ಹತ್ತಿರ ಅಂಥ ಮಾತು ಎತ್ತುವ ಧೈರ್ಯ ಯಾರಿಗಿತ್ತು?

ನನ್ನ ಹೆಸರು ಚಂಪವ್ವ. ಕೌದಿ ಹೊಲಿಯುತ್ತೇನೆ. ಹಳೆಯ ಸೀರೆ, ಧೋತರ, ಕುಪ್ಪಸದ ಚೂರುಗಳನ್ನು ಪದರ ಪದರವಾಗಿ ಹಾಸಿ, ನೆಲದ ಮೇಲೆ ಕೂತು, ಕೈಯಿಂದ ಸಾಲು ಸಾಲು ಹೊಲಿಗೆ ಹಾಕುವ ಕೆಲಸ. ಹೊಲಿಯುವಾಗ ಬಟ್ಟೆ ಸುಕ್ಕಾಗದಂತೆ ಮೂಲೆಗಳ ಮೇಲೆ ಏನಾದರೂ ಭಾರ ಹೇರಬೇಕು. ಹದಿನಾಲ್ಕು ವರ್ಷ ನನ್ನ ಕೌದಿಗಳ ಮೂರು ಮೂಲೆಗೆ ಮೂರು ಕಲ್ಲು, ನಾಲ್ಕನೆಯದಕ್ಕೆ ಸಜ್ಜಿ.

ಸಜ್ಜಿ ನಮ್ಮ ನಾಯಿ. ಸಜ್ಜೆ ರೊಟ್ಟಿಯ ಬಣ್ಣ, ಅದಕ್ಕೇ ಆ ಹೆಸರು. ಜಾತಿಯಲ್ಲೇ ಸಣ್ಣದು, ಬೆಕ್ಕಿಗಿಂತ ತುಸು ದೊಡ್ಡದು ಅಷ್ಟೇ. ನಾನು ಕೌದಿ ಹಾಸಿದ ಕೂಡಲೇ ಬಂದು ಬಾಗಿಲ ಕಡೆಯ ಮೂಲೆಯಲ್ಲಿ ಮುದುಡಿಕೊಳ್ಳುತ್ತಿದ್ದಳು. ಕೆಲಸ ಮುಗಿದು ನಾನು ಕೌದಿ ಎತ್ತಲು ಕೈ ಹಾಕಿದೆನೋ, ಹೇಳಿಸಿಕೊಳ್ಳದೆ ಎದ್ದು ಹೋಗಿ ಹೊಸ್ತಿಲ ಬಳಿಯ ಗೋಣಿಚೀಲದ ಮೇಲೆ ಮಲಗುತ್ತಿದ್ದಳು. ಒಂದು ದಿನವೂ ಅವಳನ್ನು "ಏಳು" ಅಂದವಳಲ್ಲ ನಾನು. ಅಷ್ಟು ಮರ್ಯಾದೆ ನಮ್ಮ ನೆಂಟರಲ್ಲೂ ಕಂಡಿಲ್ಲ.

ಒಂದು ಮಧ್ಯಾಹ್ನ ನಾನು ಬಾಣಂತಿಯೊಬ್ಬಳ ಕೌದಿಗೆ ಅಂಚು ಕಟ್ಟುತ್ತಿದ್ದೆ. ಹೊಲಿಗೆ ಮೂಲೆಗೆ ಬಂತು. ಸಜ್ಜಿ ಸರಿಯಲಿಲ್ಲ. ಮೂಗು ಮುಟ್ಟಿ ನೋಡಿದೆ. ಸೂಜಿ ಅಲ್ಲೇ ಚುಚ್ಚಿಟ್ಟು ನಮ್ಮ ಮನೆಯವರನ್ನು ಕರೆಸಿದೆ. ಅವರು ಊರಿನ ನೀರುಗಂಟಿ, ಹೆಸರು ಯಂಕಪ್ಪ, ಓಣಿ ಓಣಿಗೆ ವಾಲ್ ತಿರುವಿ ನೀರು ಬಿಡುವವರು. ಆ ದಿನ ಮೇಲಿನ ಓಣಿಗೆ ನೀರೇ ಬರಲಿಲ್ಲ, ಯಾರೂ ಬೈಯಲಿಲ್ಲ. ಬೇಲಿಯ ಬುಡದಲ್ಲಿ ಗುಂಡಿ ತೋಡಿ ಮಣ್ಣು ಮಾಡಿದೆವು. ಇಬ್ಬರಿಗೂ ಊಟ ಸೇರಲಿಲ್ಲ.

ಮರುದಿನ ಮನೆಗೆಂದೇ ಹೊಲಿಯುತ್ತಿದ್ದ ಕೌದಿ ಹಾಸಿ ಮೂರು ಕಲ್ಲು ಇಟ್ಟೆ. ನಾಲ್ಕನೆಯದನ್ನು ಹುಡುಕಲು ಎದ್ದವಳು ನಿಂತುಬಿಟ್ಟೆ. ಬಾಗಿಲಿಂದ ಗಾಳಿ ಬೀಸಿ ಅಂಚೆಲ್ಲ ಹಾರುತ್ತಿದ್ದರೆ ಆ ಮೂಲೆ ಮಾತ್ರ ಅಲುಗಲಿಲ್ಲ. ಬಟ್ಟೆ ದುಂಡಗೆ ತಗ್ಗಿತ್ತು. ನಾನು ನಕ್ಕೆ, ಅತ್ತೆ, ಮೂಗು ಒರೆಸಿಕೊಂಡು ಹೊಲಿಯಲು ಕೂತೆ. ಅಂದಿನಿಂದ ಆ ಕೌದಿಯನ್ನು ಎತ್ತಲೇ ಇಲ್ಲ. ನಮ್ಮ ಮನೆಯವರು ಸಂಜೆ ಬಂದು ಆ ಮೂಲೆಯನ್ನು ತುಳಿಯದೆ ಸುತ್ತು ಹಾಕಿ ಒಳಗೆ ಹೋದರು. ಹೋಗುತ್ತಾ "ಉಂಡೀಯೇನವಾ?" ಅಂದರು. ನನ್ನನ್ನು ಕೇಳಿದ್ದಲ್ಲ ಎಂದು ನನಗೂ ಗೊತ್ತಿತ್ತು.

ಒಂಬತ್ತನೆಯ ದಿನ ಅವರು ಟವೆಲಿನಲ್ಲಿ ಏನನ್ನೋ ಸುತ್ತಿಕೊಂಡು ಬಂದರು. ಬಿಚ್ಚಿದರೆ ಕೆಸರು ಮೆತ್ತಿದ ಕರಿ ಮರಿ. ವಾಲಿನ ಗುಂಡಿಯಲ್ಲಿ ಬಿದ್ದು ನೀರಲ್ಲಿ ಕತ್ತಿನ ತನಕ ಮುಳುಗಿತ್ತಂತೆ.

"ಯಾರನ್ನ ಕೇಳಿ ತಂದ್ರಿ?" ಎಂದು ಕೂಗಿದೆ. "ಒಂಬತ್ತು ದಿನ ಆಗೇತಿ. ಒಂಬತ್ತ! ಆಕಿ ಇನ್ನೂ ಇಲ್ಲೇ ಕುಂತಾಳ, ಆಕಿ ಮುಂದ ಇನ್ನೊಂದನ್ನ ತಂದು ನಿಲ್ಲಿಸ್ತೀರಿ?"

"ಮತ್ತ ಏನ್ ಮಾಡ್ಲಿ, ಗುಂಡ್ಯಾಗ ಬಿಟ್ಟು ನೀರು ಬಿಡ್ಲೇನು?" ಅಂದರು ಅವರು. ಅದಕ್ಕೆ ಇನ್ನಷ್ಟು ಬೈದೆ.

ಎರಡು ದಿನ ಅದರ ಮುಖ ನೋಡಲಿಲ್ಲ. ನೋಡಿದರೆ ಸಜ್ಜಿಗೆ ಮೋಸ ಮಾಡಿದಂತೆ ಅನ್ನಿಸುತ್ತಿತ್ತು. ಅದು ನೂಲಿನ ಉಂಡೆ ಕಚ್ಚಿತು, ಬೈದೆ. ಸೆರಗು ಎಳೆಯಿತು, ಕಾಲಿಂದ ಸರಿಸಿದೆ. ಮೂರನೆಯ ದಿನ ಬಟ್ಟಲಲ್ಲಿ ಹಾಲು ಕುಡಿಯಲು ಬಾರದೆ ಮೂಗು ಅದ್ದಿಕೊಂಡು ಸೀನಿತು. ಅಯ್ಯೋ ಎಂದು ಹಾಲಲ್ಲಿ ಬೆರಳದ್ದಿ ಬಾಯಿಗಿಟ್ಟೆ. ಅಲ್ಲಿಗೆ ನನ್ನ ಕತೆ ಮುಗಿಯಿತು. ಆದರೆ ಸಜ್ಜಿಯ ಮೂಲೆಗೆ ಮಾತ್ರ ಅದು ಹೋಗುತ್ತಿರಲಿಲ್ಲ. ಹತ್ತಿರ ಹೋಗಿ ಮೂಸಿ, ಹಿಂದೆ ಸರಿದು, ದೊಡ್ಡವರ ಮುಂದೆ ಕೂತಂತೆ ಕೂತುಬಿಡುತ್ತಿತ್ತು.

ಮರಿಯ ದನಿ ಓಣಿಗೆ ಕೇಳದೆ ಇರುತ್ತದೆಯೇ? ಹನ್ನೆರಡನೆಯ ದಿನ ಮಲಕಾಜಪ್ಪ ಬಾಗಿಲಿಗೆ ಬಂದ. ಮೊದಲು ಮೂಲೆ ನೋಡಿದ, ಆಮೇಲೆ ನನ್ನ ಮಡಿಲು ನೋಡಿದ.

"ಚಂಪವ್ವಾ, ಇದೇನವಾ? ಹಾದಿಗೆ ಹೋಗೂ ಮಾರೀನ ಮನಿಗೆ ಕರದಂಗ ಆತಲ್ಲ."

"ಮಾರಿ ಅಲ್ರಿ ಕಾಕಾ, ಮರಿ."

"ನಾಲಿಗಿ ಉದ್ದ ಮಾಡಬ್ಯಾಡ. ನಾಳೆ ಹೊತ್ತು ನೆತ್ತಿಗೆ ಬರೂದ್ರಾಗ ಇದ್ದದ್ದನ್ನ ಇಳಿಸು. ಇಲ್ಲಾಂದ್ರ ಈ ಮರೀನ ನಾನ ಒಯ್ದು ಊರ ಹೊರಗ ಬಿಟ್ಟು ಬರ್ತೀನಿ."

"ಇನ್ನೂ ಒಂಬತ್ತು ದಿನ ಅದಾವಲ್ರಿ?"

"ಮರಿ ಇಲ್ಲದ ಮನಿಗೆ ಒಂಬತ್ತು ದಿನ," ಅಂದ ಮಲಕಾಜಪ್ಪ. "ಮರಿ ಬಂದ ಮನಿಗೆ ಒಂದ ದಿನ."

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಂತಾಯಿತು, ನುಂಗುವಂತಿಲ್ಲ ಉಗುಳುವಂತಿಲ್ಲ. ಸಜ್ಜಿಯನ್ನು ಉಳಿಸಿಕೊಂಡರೆ ಮರಿ ಬೀದಿಗೆ. ಅದು ಊರ ಹೊರಗೆ ಒಂದು ದಿನ ಬದುಕುವ ಗಾತ್ರದ್ದಲ್ಲ. ಮರಿಯನ್ನು ಉಳಿಸಿಕೊಂಡರೆ ಸಜ್ಜಿಯನ್ನು ನನ್ನ ಕೈಯಾರೆ ಕಲ್ಲಿಗೆ ಹಾಕಬೇಕು. ಸತ್ತವಳಿಗೆ ಮತ್ತೊಮ್ಮೆ ಸಾವಿಲ್ಲ, ಇದಕ್ಕಿದೆ ಎಂದು ಮನಸ್ಸಿಗೆ ಬುದ್ಧಿ ಹೇಳಿದೆ. ಮನಸ್ಸು ಕೇಳಲಿಲ್ಲ, ಆದರೂ ಒಪ್ಪಿಕೊಂಡೆ.

ಬೆಳಿಗ್ಗೆ ಸಜ್ಜಿ ಕೂತಿದ್ದ ಕೌದಿಯ ಮುಂದೆ ಕೂತು, ಕಟ್ಟಳೆಯಂತೆ ಮುಖ ಅತ್ತ ಹೊರಳಿಸಿ, ನಾಲ್ಕು ಮೂಲೆ ಹಿಡಿದು ಸಡಿಲವಾಗಿ ಗಂಟು ಹಾಕಿದೆ. ಎತ್ತಿದಾಗ ಹಗುರ ಅನ್ನಿಸಿತು. ಹೊರಡುವ ದಿನ ಭಾರ ಹಗುರಾಗುತ್ತದೆ, ಅದೇ ಅದರ ಒಪ್ಪಿಗೆ ಎಂದು ಹಿರಿಯರು ಹೇಳುತ್ತಾರೆ. ಸಜ್ಜಿ ಒಪ್ಪಿಬಿಟ್ಟಳು ಎಂದು ಇನ್ನಷ್ಟು ಅಳು ಬಂತು. ಸಿಂಬಿ ಇಟ್ಟು ಹೊರೆಯನ್ನು ತಲೆಯ ಮೇಲೆ ಹೊತ್ತೆ. ಮನೆಯವರು ಕೆಳಗಿನ ಓಣಿಗೆ ನೀರು ಬಿಡಲು ಹೋಗಿದ್ದರು. ನೋಡಲಾರೆ ಎಂದು ಮೊದಲೇ ಹೇಳಿಯೇ ಹೋಗಿದ್ದರು.

ಅಗಸಿ ದಾಟಿದಾಗ ಹೊರೆ ಒಮ್ಮೆ ಮಗ್ಗಲು ಬದಲಿಸಿತು. ಭಾರಗಳು ಹಾಗೆ ಮಾಡುವುದುಂಟು. ಜೊತೆಗೆ ಬಂದಿದ್ದ ಮಲಕಾಜಪ್ಪ ತಿರುವಿನಲ್ಲಿ ಊರ ಕಡೆ ಮುಖ ಮಾಡಿ ನಿಂತ. ನಾನು ಹಿಮ್ಮುಖವಾಗಿ ನಡೆದು, ಕೈಗೆ ತಣ್ಣಗೆ ಕಲ್ಲು ಹತ್ತಿದ ಮೇಲೆ ಹೊರೆ ಇಳಿಸಿದೆ. ತಿರುವಿಗೆ ಬರುವಷ್ಟರಲ್ಲಿ ಹಿಂದೆ ಸಣ್ಣಗೆ ಕುಂಯ್ ಅಂತ ದನಿ ಕೇಳಿತು. ಕಾಲು ನಿಂತುಹೋಯಿತು.

"ಹೊಳ್ಳಿ ನೋಡಬ್ಯಾಡ," ಅಂದ ಮಲಕಾಜಪ್ಪ. ಅವನ ದನಿ ಯಾಕೋ ಕೆಳಗಿಳಿದಿತ್ತು. "ಎಲ್ಲಾವೂ ಒಮ್ಮೆ ಕರೀತಾವ. ನಡಿ."

ನಡೆದೆ. ಆ ಹೆಜ್ಜೆಗಳಿಗಾಗಿ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಮನೆಗೆ ಬಂದಾಗ ನಮ್ಮ ಮನೆಯವರು ಒಲೆಯ ಹಿಂದೆ, ಹೊರಸಿನ ಕೆಳಗೆ ಬಗ್ಗಿ ಬಗ್ಗಿ ನೋಡುತ್ತಿದ್ದರು. "ಮರಿ ಎಲ್ಲೈತಿ ಚಂಪಾ? ಹಾಲು ಹಂಗ ಐತಿ."

"ಇಲ್ಲೇ ಎಲ್ಲೋ..." ಎನ್ನುತ್ತಾ ಹೊಸ್ತಿಲು ದಾಟಿದವಳ ಕಾಲು ಗೋಣಿಚೀಲಕ್ಕೆ ತಗುಲಿತು. ಚೀಲ ಸರಿಯಲಿಲ್ಲ. ನೋಡಿದರೆ ಅದರ ನಡುವೆ ದುಂಡಗೆ, ನನಗೆ ಚೆನ್ನಾಗಿ ಗೊತ್ತಿದ್ದ ತಗ್ಗು. ಹುಟ್ಟುಗುಣ ಸುಟ್ಟರೂ ಹೋಗದು. ನಾನು ಕೌದಿ ಎತ್ತಲು ಕೈ ಹಾಕಿದ್ದೇ ತಡ, ಸಜ್ಜಿ ಹೇಳಿಸಿಕೊಳ್ಳದೆ ಎದ್ದು ಬಂದು ತನ್ನ ಚೀಲದ ಮೇಲೆ ಮಲಗಿದ್ದಳು. ಖಾಲಿಯಾದ ಮೂಲೆಗೆ, ಅಷ್ಟು ದಿನ ಕಾದಿದ್ದ ಮರಿ ಹೋಗಿ ಮಲಗಿತ್ತು. ನಾನು ಮುಖ ಹೊರಳಿಸಿಕೊಂಡು, ಜೀವ ಇರುವುದನ್ನು ಕಟ್ಟಿ, ಕಲ್ಲಿನ ಮೇಲೆ ಬಿಟ್ಟು ಬಂದಿದ್ದೆ.

ಓಡಿದೆ. ಐವತ್ತೆರಡು ವರ್ಷದ ಹೆಂಗಸು ಸೀರೆ ಎತ್ತಿ ಕಟ್ಟಿಕೊಂಡು ಓಡುವುದನ್ನು ಓಣಿಯೆಲ್ಲ ನೋಡಿತು. ದ್ಯಾಮಕ್ಕ "ಏನಾತೇ?" ಎಂದು ಹಿಂದೆ ಬಂದಳು, ಅವಳ ಹಿಂದೆ ಇನ್ನೂ ಹತ್ತು ಜನ. ಅಗಸಿಯಲ್ಲಿ ಮಲಕಾಜಪ್ಪ ಕೋಲು ಅಡ್ಡ ಹಿಡಿದ.

"ಇಳಿಸಿದ ಕಲ್ಲಿಗೆ ಹೊಳ್ಳಿ ಹೋಗಾಕ ಬರಂಗಿಲ್ಲ."

"ಮರಿ ಐತ್ರಿ ಅದರಾಗ! ಜೀವಂತ ಮರಿ!"

ಅವನ ಮುಖ ಬಿಳಿಚಿಕೊಂಡಿತು. ಆದರೆ ಕೋಲು ಇಳಿಯಲಿಲ್ಲ. "ತಪ್ಪಾತು ಖರೆ. ಆದ್ರ ಈಗ ನೀ ಹೋಗಿ ನೋಡಿದ್ರ ಅಲ್ಲಿ ಇಳಿಸಿದ್ವೆಲ್ಲಾ ಬೆನ್ನ ಹತ್ತಿ ಊರಿಗೆ ಬರ್ತಾವ. ಒಂದು ಮರಿ ಸಲುವಾಗಿ ಊರ ಮ್ಯಾಲೆ ಹೊರೀ ಹೇರ್ತೀಯೇನು?"

"ಬರ್ಲಿ ಬಿಡ್ರಿ!" ಅಂದೆ. ಅಷ್ಟು ಜೋರಾಗಿ ಯಾವ ಹಿರಿಯರ ಮುಂದೆಯೂ ಮಾತಾಡಿದವಳಲ್ಲ. "ಹುಲಿ ಕರಡಿ ಏನು ಅವು? ನಾವ ಸಾಕಿದ್ವು, ನಾವ ತುತ್ತು ಹಾಕಿದ್ವು. ಹನ್ನೆರಡು ದಿನದಿಂದ ಸಜ್ಜಿ ನನ್ನ ಮನ್ಯಾಗ ಕುಂತಾಳ, ಯಾರ ಗಂಟು ಏನು ಹೋಗೇತಿ? ನಿಮ್ಮ ಕಟ್ಟಳಿ ನನ್ನ ಮುಖ ಹೊಳ್ಳಿಸಿತು, ಅದಕ್ಕ ನಾ ಕುರುಡಿ ಆದೆ. ಇನ್ನ ಮುಖ ಹೊಳ್ಳಿಸಂಗಿಲ್ಲ."

ನಮ್ಮ ಮನೆಯವರು ಜಗಳದ ಮನುಷ್ಯರಲ್ಲ. ಏದುಸಿರು ಬಿಡುತ್ತಾ ಬಂದವರು ಆ ಕೋಲನ್ನು ಮೆಲ್ಲಗೆ ಹಿಡಿದು ಪಕ್ಕಕ್ಕೆ ಸರಿಸಿದರು. "ಹಾದಿ ಬಿಡ್ರಿ ಕಾಕಾ," ಅಂದರು, ಅಷ್ಟೇ.

ತಿರುವನ್ನು ನಾನು ಮುಂದೆ ಮುಖ ಮಾಡಿಯೇ ದಾಟಿದೆ. ಕಲ್ಲು ಅಂದರೆ ಒಂದು ಕಲ್ಲಲ್ಲ, ಗುಡ್ಡದ ಉದ್ದಕ್ಕೂ ಹಾಸಿದ ದೊಡ್ಡ ಬಂಡೆ. ಅದರ ತುಂಬ ಸಾಲು ಸಾಲು ಬಟ್ಟೆಗಳು, ಗಂಟು ಗಾಳಿಗೆ ಬಿಚ್ಚಿಕೊಂಡಿದ್ದವು. ಸೀರೆಯ ತುಂಡು, ಟವೆಲು, ಕಂಬಳಿ, ಕೂಸಿನ ಕುಂಚಿಗೆ, ಬಿಸಿಲಿಗೆ ಬಣ್ಣ ಹೋಗಿ ಬೂದಿಯಾದವು, ಅಂಚು ಚಿಂದಿಯಾದವು. ಗಾಳಿ ಬೀಸುತ್ತಲೇ ಇತ್ತು. ಅಂಚುಗಳು ಪಟಪಟ ಬಡಿಯುತ್ತಿದ್ದವು. ಒಂದು ಬಟ್ಟೆಯೂ ಹಾರಿರಲಿಲ್ಲ. ಒಂದೊಂದರ ನಡುವೆಯೂ ಒಂದೊಂದು ತಗ್ಗು. ದೊಡ್ಡದು, ಸಣ್ಣದು, ಉದ್ದನೆಯದು, ಬೊಗಸೆಯಷ್ಟರದು. ನನ್ನ ಹೊರೆ ಕೊನೆಯ ಸಾಲಿನ ತುದಿಯಲ್ಲಿತ್ತು.

ಗಂಟು ಬಿಚ್ಚಿದೆ. ಮರಿಯ ಮೈ ಕಾದಿತ್ತು, ನಾಲಿಗೆ ಹೊರಗೆ ಬಿದ್ದಿತ್ತು, ಕಣ್ಣು ಮುಚ್ಚಿತ್ತು. "ಏಳವಾ, ತಪ್ಪಾತು, ಏಳು," ಎಂದು ಎದೆಗೆ ಅವಚಿಕೊಂಡೆ. ನಮ್ಮ ಮನೆಯವರು ಸೊಂಟದಲ್ಲಿದ್ದ ಬಾಟಲಿಯಿಂದ ನೀರು ಚಿಮುಕಿಸಿದರು. ಎರಡನೆಯ ಸಲಕ್ಕೆ ಮರಿ ಸೀನಿತು. ಮೂಗಿಗೆ ಹಾಲು ಹೋದ ದಿನ ಸೀನಿದ ಹಾಗೆಯೇ ಸೀನಿತು.

ಅಗಸಿಗೆ ಹಿಂದಿರುಗಿದಾಗ ಅರ್ಧ ಊರು ನೆರೆದಿತ್ತು. ಮರಿಯನ್ನು ಎಲ್ಲರಿಗೂ ಕಾಣುವಂತೆ ಹೆಗಲಿಗೆ ಹಾಕಿಕೊಂಡು ಕಟ್ಟೆಯ ಮೇಲೆ ನಿಂತೆ. "ನೋಡಿ ಬಂದೆ," ಅಂದೆ. "ಹೊಳ್ಳಿ ನೋಡಿದೆ, ಕಣ್ಣೂ ಹೋಗಿಲ್ಲ, ಕಾಲೂ ಹೋಗಿಲ್ಲ. ಕೇಳ್ರಿ, ಯಾವೂ ತಮ್ಮ ಹಾದಿ ಹಿಡಿದು ಹೋಗಿಲ್ಲ. ನಾವು ಎಲ್ಲಿ ಇಟ್ಟು ಬಂದೀವಿ ಅಲ್ಲೇ ಕುಂತಾವ. ಬಿಸಿಲಾಗ, ಮಳ್ಯಾಗ, ಅಲ್ಲೇ ಕುಂತಾವ, ನಮ್ಮ ಹಾದಿ ಕಾಯ್ಕೊಂತ. ದ್ಯಾಮಕ್ಕಾ, ನಿನ್ನ ಹಸಿರು ಕಂಬಳಿ ಮ್ಯಾಲೆ ನಿನ್ನ ಆಡು ಮಲಗೇತಿ. ಮಾಸ್ತರ, ನಿಮ್ಮ ಕೈವಸ್ತ್ರ ಅಲ್ಲೇ ಐತಿ."

ಆಮೇಲೆ ಮಲಕಾಜಪ್ಪನ ಕಡೆ ತಿರುಗಿದೆ. ಬೈಯಬೇಕೆಂದೇ ತಿರುಗಿದ್ದೆ. ಅವನ ಬರಿದಲೆ ಕಂಡಿತು, ಬೈಯುವುದು ಬಿಟ್ಟೆ. "ಕಾಕಾ, ಮೂರನೇ ಸಾಲಿನಾಗ ಒಂದು ರುಮಾಲು ಐತ್ರಿ," ಅಂದೆ. "ಕೆಂಪಿತ್ತೋ ಏನೋ, ಈಗ ಗೊತ್ತಾಗಂಗಿಲ್ಲ. ಅದರ ಮ್ಯಾಲೆ ಒಂದು ಸಣ್ಣ ತಗ್ಗು ಐತಿ, ಬೆಕ್ಕಿನಷ್ಟು." ಅವನು ಕೋಲೂರಿಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟ. ಮರಿಯನ್ನು ಒಯ್ದು ಬಿಡುವ ಮಾತು ಅವನೂ ಎತ್ತಲಿಲ್ಲ, ಬೇರೆ ಯಾರೂ ಎತ್ತಲಿಲ್ಲ.

ಮೊದಲು ಹೋದವಳು ದ್ಯಾಮಕ್ಕ. ಅದೇ ಸಂಜೆ ಕಂಬಳಿ ಹೊತ್ತು ತಂದಳು, ಮತ್ತೆ ನೆಲದ ಮೇಲೆ ಮಲಗುತ್ತಾಳೆ, ಮತ್ತೆ ಆಡಿಗೆ ಬೈಯುತ್ತಾಳೆ. ಆಮೇಲೆ ಒಬ್ಬೊಬ್ಬರೇ ಹೋದರು. ಕೆಲವರು ಹೋಗಲಿಲ್ಲ, ಅದು ಅವರ ಇಷ್ಟ. ಊರು ಮುಳುಗಲಿಲ್ಲ. ಮಾಸ್ತರರು ಎಡಗೈ ಬೆರಳು ಚಾಚಿಕೊಂಡು ಪಾಠ ಮಾಡುತ್ತಾರೆ, ಬಲ ಹೆಗಲ ಮೇಲೆ ಹೊಸ ಗಿಳಿ ಕೂತು ಮಗ್ಗಿ ಒದರುತ್ತದೆ.

ನಮ್ಮ ಮನೆಯಲ್ಲಿ ಎರಡು ನಾಯಿ ಇವೆ. ಯಾರು ಎಣಿಸಿದರೂ ಸರಿ, ನನ್ನ ಲೆಕ್ಕ ಎರಡು. ಮರಿಗೆ ಹುರುಳಿ ಎಂದು ಹೆಸರಿಟ್ಟಿದ್ದೇವೆ. ಅಂದು ಮನೆಗೆ ಬಂದ ಮೇಲೆ ಅದೇ ಕೌದಿಯನ್ನು ಮತ್ತೆ ಹಾಸಿದೆ. ಸ್ವಲ್ಪ ಹೊತ್ತಿಗೆ ಗೋಣಿಚೀಲದ ತಗ್ಗು ಮೇಲೆದ್ದಿತು, ನಾಲ್ಕನೆಯ ಮೂಲೆ ತಗ್ಗಿತು. ಹುರುಳಿ ಹತ್ತಿರ ಹೋಗಿ ಮೂಸಿತು. ಈ ಸಲ ಹಿಂದೆ ಸರಿಯಲಿಲ್ಲ. ಪಕ್ಕದಲ್ಲೇ ಬಿದ್ದುಕೊಂಡು ತಲೆ ಇಟ್ಟಿತು. ಆ ತಲೆ ನೆಲ ಮುಟ್ಟಲಿಲ್ಲ. ನೆಲದಿಂದ ಒಂದು ಗೇಣು ಮೇಲೆ, ಸಜ್ಜಿಯ ಹೊಟ್ಟೆ ಇರಬೇಕಾದಲ್ಲಿ ನಿಂತಿತು. ಅಲ್ಲೇ ನಿದ್ದೆ ಹೋಯಿತು. ಹಳೆಯ ಭಾರ, ಹೊಸ ಉಸಿರು ಕೂಡಬಾರದಂತೆ! ಕೂಡಬಾರದು ಎಂದವರು ಬಂದು ನೋಡಲಿ.

ಎಂಟು ದಿನ ಕಳೆದ ಮೇಲೆ ಮಲಕಾಜಪ್ಪ ಬಂದ. ಕೋಲು ಕಂಕುಳಲ್ಲಿತ್ತು, ಎರಡು ಕೈಯಲ್ಲೂ ಬಣ್ಣಗೆಟ್ಟ ರುಮಾಲನ್ನು ಜೋಲಿಯ ಹಾಗೆ ಹಿಡಿದುಕೊಂಡಿದ್ದ. ಹೊಸ್ತಿಲಲ್ಲಿ ನಿಂತು ಸಜ್ಜಿಯ ಗೋಣಿಚೀಲವನ್ನು ತುಳಿಯದೆ, ಸುತ್ತು ಹಾಕಿ ಒಳಗೆ ಬಂದ.

"ಮೂವತ್ತೊಂದು ವರ್ಷ ಆತವಾ," ಅಂದ. "ಚಿನ್ನಿ ಅಂತ ಹೆಸರು. ಇಳಿಸಿದಾಗ ಕರದಿತ್ತು. ಎಲ್ಲಾವೂ ಕರೀತಾವ ಅಂತ ನನಗ ನಾನ ಹೇಳ್ಕೊಂಡು ಬಂದೆ." ರುಮಾಲನ್ನು ನನ್ನ ಮುಂದೆ ಚಾಚಿದ, "ಅಂಚೆಲ್ಲಾ ಹರದೈತಿ. ಹೊಲದು ಕೊಡ್ತೀಯೇನು? ತಡಿ, ಮೊದಲ ಚಿನ್ನೀನ ಕೆಳಗ ಇಳಸ್ತೀನಿ."

ನಾನು ಸೂಜಿಗೆ ದಾರ ಪೋಣಿಸಿಕೊಂಡೆ. ಕೌದಿಯ ಮೇಲೆ, ಹುರುಳಿಯ ಪಕ್ಕದಲ್ಲಿ ಜಾಗ ತೋರಿಸಿದೆ.

"ಇಳಿಸಿದ್ದು ಸಾಕ್ರಿ ಕಾಕಾ," ಅಂದೆ. "ಮ್ಯಾಲೇ ಕುಂತಿರ್ಲಿ. ನಾ ಸುತ್ತಲೂ ಹೊಲೀತೀನಿ."